ಶುಕ್ರವಾರದ ಹಾಲು

ನನಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಬಸ್ಸಿನ ಕಂಡಕ್ಟರ್ ಚಿಲ್ಲರೆ ಆಮೇಲೆ ಕೊಡುತ್ತೇನೆ ಎಂದರೆ ಇಳಿಯುವ ತನಕ ಅವನ ಚೀಲವನ್ನೇ ನೋಡುತ್ತಿರುತ್ತೇನೆ. ತರಕಾರಿಯವನು ತಕ್ಕಡಿ ಎತ್ತಿದರೆ ನನ್ನ ಕಣ್ಣು ಬದನೆಕಾಯಿಯ ಮೇಲಿರುವುದಿಲ್ಲ, ಅವನ ಕಿರುಬೆರಳಿನ ಮೇಲಿರುತ್ತದೆ. "ಇವಳನ್ನ ಕಟ್ಟಿಕೊಂಡವನು ದಿನಾ ಬೆಳಗೆದ್ದು ಸಾಕ್ಷಿ ಹುಡುಕಿಕೊಂಡು ಬರಬೇಕಾಗುತ್ತೆ" ಎಂದು ನನ್ನಮ್ಮ ನೆಂಟರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳಲಿ. ಆ ಗುಣಕ್ಕೇ ತಿಂಗಳ ಸಂಬಳ ಕೊಡುವ ಕೆಲಸವೊಂದು ನನಗೆ ಸಿಕ್ಕಿತ್ತು.

ಎರಡು ಸಾವಿರದ ಆರನೆಯ ಇಸವಿ. ಚಾಮರಾಜನಗರದಲ್ಲಿ ರಘುನಾಥ ಎಂಬುವರು ಒಂದು ಸಣ್ಣ ಕಂಪನಿ ನಡೆಸುತ್ತಿದ್ದರು. ಹಳ್ಳಿಯ ಡೈರಿಗಳಿಗೆ ಹಾಲು ಪರೀಕ್ಷಿಸುವ ಮಿಷನ್ನನ್ನೂ ಅದಕ್ಕೆ ಜೋಡಿಸಿದ ಕಂಪ್ಯೂಟರನ್ನೂ ಮಾರುವುದು ಅವರ ವ್ಯವಹಾರ. ಕಂಪ್ಯೂಟರಿನೊಳಗಿನ ಪ್ರೋಗ್ರಾಮು ಅವರೇ ಕೂತು ಬರೆದದ್ದು. ಅದರ ಬಗ್ಗೆ ಯಾರಾದರೂ ಚಕಾರ ಎತ್ತಿದರೆ ಅವರ ಮುಖ ಗಂಟಿಕ್ಕಿಕೊಳ್ಳುತ್ತಿತ್ತು. ಕೆಟ್ಟರೆ ಹೋಗಿ ನೋಡಿಬರುವವಳು ನಾನು, ಶಿವರಂಜಿನಿ, ಡಿಪ್ಲೊಮಾ ಪಾಸು. ಆಫೀಸಿನಲ್ಲಿ ಎಲ್ಲರೂ ಬರೀ ರಂಜಿನಿ ಎನ್ನುತ್ತಿದ್ದರು.

ಶ್ರಾವಣದಲ್ಲಿ ತೆರಕಣಾಂಬಿ ಕಡೆಯ ಒಂದು ಹಳ್ಳಿಯಿಂದ ಫೋನ್ ಬಂತು. ಅಲ್ಲಿನ ಡೈರಿಯ ಸೆಕ್ರೆಟರಿ ನಂಜುಂಡಪ್ಪ.

"ಮೇಡಂ, ಮಿಷನ್ನು ನಿಂತೋಯ್ತದ. ದಿನಾ ಅಲ್ಲ, ಶುಕ್ರವಾರ ಮಾತ್ರ. ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ಸರಿಯಾಯ್ತದ."

ವಾರ ನೋಡಿಕೊಂಡು ಕೆಡುವ ಮಿಷನ್ನು! ನನಗೆ ಕೂಡಲೇ ಅನುಮಾನ ಬಂತು, ಮಿಷನ್ನಿನ ಮೇಲಲ್ಲ, ನಂಜುಂಡಪ್ಪನ ಮೇಲೆ. ಆಫ್ ಮಾಡಿ ಆನ್ ಮಾಡುವ ನೆಪದಲ್ಲಿ ಅವನು ಏನೋ ಕೈಚಳಕ ತೋರಿಸುತ್ತಿದ್ದಾನೆ ಎನಿಸಿತು. ರಘುನಾಥ ಸರ್‌ಗೂ ಹಾಗೇ ಆದರೆ ಅನುಕೂಲವಿತ್ತು. "ಪ್ರೋಗ್ರಾಮ್‌ನಲ್ಲಿ ಏನೂ ತೊಂದರೆ ಇಲ್ಲ ರಂಜಿನಿ. ಕರೆಂಟಿನದು ಇರುತ್ತೆ, ಇಲ್ಲಾಂದ್ರೆ ಆಪರೇಟರ್ ತಪ್ಪು. ಹೋಗಿ ನೋಡಿ ಹಾಗೇ ರಿಪೋರ್ಟ್ ಬರಿ" ಎಂದರು. ನೋಡುವ ಮೊದಲೇ ಏನು ಬರೆಯಬೇಕೆಂದು ಹೇಳುವವರ ಮೇಲೂ ನನಗೆ ಅನುಮಾನವೇ. ಬಾಯಿಬಿಟ್ಟು ಹೇಳಲಿಲ್ಲ, ಸಂಬಳ ಕೊಡುವವರು ಅವರು.

ಶುಕ್ರವಾರ ಮೊದಲ ಬಸ್ಸಿಗೆ ಹೊರಟೆ. ಡೈರಿ ಎಂದರೆ ಊರ ಬಾಗಿಲಿಗೆ ಒಂದೇ ಕೋಣೆಯ ಕಟ್ಟಡ. ನಾನು ಹೋಗುವಷ್ಟರಲ್ಲಿ ಕ್ಯಾನು, ಚೊಂಬು ಹಿಡಿದ ಹೆಂಗಸರು ಗಂಡಸರು ಸಾಲಾಗಿ ನಿಂತಿದ್ದರು. ಆದರೆ ಯಾರೂ ಹಾಲು ಹಾಕುತ್ತಿರಲಿಲ್ಲ. ಸಾಲಿನ ತಲೆಯಲ್ಲಿ ಅಗಲ ಕುಂಕುಮದ ಒಬ್ಬ ಹೆಂಗಸು ನೆಟ್ಟಗೆ ನಿಂತಿದ್ದಳು, ಯಾರ ಜೊತೆಯೂ ಮಾತಿಲ್ಲ.

"ಯಾಕೆ ಎಲ್ಲ ಸುಮ್ನೆ ನಿಂತಿದೀರಿ?" ಎಂದು ಪಕ್ಕದಲ್ಲಿದ್ದವಳನ್ನು ಕೇಳಿದೆ. ಅವಳ ಹೆಸರು ಮೂಗಮ್ಮ. ಹೆಸರಿಗೆ ಮೂಗಮ್ಮ, ಬಾಯಿ ಮಾತ್ರ ಒಂದು ಗಳಿಗೆ ನಿಲ್ಲುವುದಿಲ್ಲ.

"ಶುಕ್ರವಾರ ಅಲ್ವಾ ಕಣವ್ವ, ಮಿಷನ್ನಿಗೆ ಪೂಜೆ ಆಗ್ಬೇಕು. ಪೂಜೆ ಆದ್ಮೇಲೆ ಮೊದ್ಲು ಸಣ್ಣಮ್ಮನ ಹಾಲು, ಆಮೇಲೆ ನಮ್ದು. ಅಗಾ, ಮುಂದೆ ನಿಂತವಳಲ್ಲ, ಅವಳೇ. ಅವಳ ಕೈಗುಣ ಒಳ್ಳೇದು. ಶುಕ್ರವಾರ ಅವಳು ಮೊದ್ಲು ಹಾಕಿದ್ರೆ ಊರ ದನಕ್ಕೆ ಕಾಯ್ಲೆ ಬರಲ್ಲ ಅಂತ ಹಿಂದಿಂದ ನಡ್ಕಂಡು ಬಂದದೆ." ಆಮೇಲೆ ನನ್ನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. "ಅಂಥವಳ ಮಾನನ ಸೊಸೆ ಕಳೆದ್ಬುಟ್ಲು."

ನನ್ನ ಕಿವಿ ನೆಟ್ಟಗಾಯಿತು. ಸಾಲು ನಿಂತಲ್ಲೇ ನಿಂತಿತ್ತು, ಮೂಗಮ್ಮ ಎಲ್ಲವನ್ನೂ ಹೇಳಿದಳು.

ಸಣ್ಣಮ್ಮನ ಸೊಸೆ ಶಶಿರೇಖಾ ಬೇಗೂರಿನ ಹುಡುಗಿ. ಮನೆಯಲ್ಲಿ ಹಾಲು ಕರೆಯುವವಳು ಅವಳು, ಡೈರಿಗೆ ತರುವವಳು ಸಣ್ಣಮ್ಮ. ಡೈರಿಗೆ ಈ ಮಿಷನ್ನು ಬಂದ ಹೊಸತರಲ್ಲಿ, ಆಷಾಢದಲ್ಲಿ, ಇದ್ದಕ್ಕಿದ್ದಂತೆ ಅವರ ಶುಕ್ರವಾರದ ಹಾಲಿಗೆ ಡಿಗ್ರಿ, ಎಂದರೆ ಹಾಲಿನ ಗಟ್ಟಿತನದ ಅಳತೆ, ಬರುವುದು ನಿಂತುಹೋಯಿತು. 'ನೀರು ಬೆರೆತ ಹಾಲು' ಎಂದು ಕಂಪ್ಯೂಟರ್ ತೋರಿಸಿತು. ಅದೂ ಇಡೀ ಸಾಲಿನ ಮುಂದೆ, ಊರಿಗೇ ಒಳ್ಳೆಯದಾಗಲಿ ಎಂದು ಮೊದಲು ಹಾಕಿದ ಹಾಲಿಗೆ. ಬೇರೆ ಯಾರ ಹಾಲಿಗೂ ಹಾಗೆ ತೋರಿಸಲಿಲ್ಲ. ಬೇರೆ ದಿನ ಸಣ್ಣಮ್ಮನ ಹಾಲಿಗೂ ತೋರಿಸಲಿಲ್ಲ. ಮತ್ತೊಂದು ಶುಕ್ರವಾರ ಬಂತು, ಮತ್ತೆ ಅದೇ. ಸಣ್ಣಮ್ಮ ತನ್ನ ಕೈಯನ್ನು ತಾನು ಬಲ್ಲಳು. ಹಾಲು ಮುಟ್ಟುವ ಇನ್ನೊಂದು ಕೈ ಆ ಮನೆಯಲ್ಲಿ ಸೊಸೆಯದು ಮಾತ್ರ. ಮೇಲಾಗಿ ಶಶಿರೇಖಾ ಶುಕ್ರವಾರ ದೇವರ ಅಭಿಷೇಕಕ್ಕೆಂದು ಒಂದು ಚೊಂಬು ಹಾಲು ತೆಗೆದಿಡುತ್ತಿದ್ದಳು. ತೆಗೆದಿಟ್ಟಷ್ಟಕ್ಕೆ ನೀರು ಸುರಿದು ಅಳತೆ ಸರಿಮಾಡಿದ್ದಾಳೆ ಎಂದು ಊರು ತೀರ್ಮಾನ ಮಾಡಿತು. ಶಶಿರೇಖಾ ದೀಪ ಮುಟ್ಟಿ ಆಣೆ ಮಾಡಿದಳಂತೆ. ಸಣ್ಣಮ್ಮ ನಂಬಲಿಲ್ಲ. ಗಂಡ ಮಾದೇವ ಗೂಡ್ಸ್ ಆಟೋ ಓಡಿಸುವವನು, ಅವ್ವನ ಮುಂದೆ ಅವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಕೊನೆಗೆ ಶಶಿರೇಖಾಳ ಅಣ್ಣ ಬಂದು ಅವಳನ್ನು ಬೇಗೂರಿಗೆ ಕರೆದುಕೊಂಡು ಹೋದ.

"ಅವಳು ಹೋದ್ಮೇಲೆ ಶ್ರಾವಣ ಬಂತು. ಒಂದ್ ಶುಕ್ರವಾರನೂ ಡಿಗ್ರಿ ಕಮ್ಮಿಯಾಗಿಲ್ಲ. ಕಂಡ್ಯಾ?" ಎಂದು ಮೂಗಮ್ಮ ಕಣ್ಣರಳಿಸಿದಳು. "ಶ್ರಾವಣ ಮುಗೀಲಿ ಅಂತ ಕಾಯ್ತಾವ್ರೆ. ಎರಡೂ ಕಡೆಯೋರು ಕೂತು ಮಾತು ಮುಗಿಸ್ಬುಡ್ತಾರೆ. ಆ ಹೆಣ್ಣಿಗೆ ಇನ್ನು ಈ ಮನೆ ಇಲ್ಲ."

ನಾನು ಸಣ್ಣಮ್ಮನನ್ನು ಮತ್ತೊಮ್ಮೆ ನೋಡಿದೆ. ನನಗೆ ಅವಳ ಮೇಲೂ ಅನುಮಾನ ಬಂತು. ಸೊಸೆಯನ್ನು ಓಡಿಸಬೇಕೆಂದು ಅತ್ತೆಯೇ ನೀರು ಸುರಿದು ನಾಟಕ ಕಟ್ಟಿರಬಾರದೇಕೆ? ನನ್ನ ತಲೆ ಹೋಗುವುದೇ ಹಾಗೆ. ಅಷ್ಟರಲ್ಲಿ ಅವಳೇ ಹತ್ತಿರ ಬಂದು, "ಮಿಷನ್ನಿನವರಾ ನೀವು? ಈಗ ನಮ್ಮ ಹಾಲು ಚೆನ್ನಾಗ್ ಬತ್ತದೆ ಕಣವ್ವ. ಬೇಕಾದ್ರೆ ನೀನೇ ನಿಂತು ನೋಡು" ಎಂದಳು. ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುವವರನ್ನು ನಾನು ಇನ್ನೂ ಹೆಚ್ಚು ನಂಬುವುದಿಲ್ಲ. ಆದರೆ ಮಾತಾಡುವಾಗ ಅವಳು ಬಿಗಿಯಾಗೇ ಇದ್ದ ಕ್ಯಾನಿನ ಮುಚ್ಚಳವನ್ನು ಮತ್ತೆ ಮತ್ತೆ ಒತ್ತುತ್ತಿದ್ದಳು, ಅದನ್ನೂ ನೋಡಿದೆ.

ನಂಜುಂಡಪ್ಪ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ತಟ್ಟೆ ಹಿಡಿದು ಬಂದ. ಮೊದಲು ಮಾಡಿದ ಕೆಲಸ ಕಂಪ್ಯೂಟರ್ ಆನ್ ಮಾಡಿದ್ದು.

"ಪೂಜೆ ಆದ್ಮೇಲೆ ಆನ್ ಮಾಡಬಹುದಲ್ವಾ?" ಎಂದೆ.

"ದೀಪ ಉರೀದೇ ಇರೋ ಗುಡೀಲಿ ಯಾರಾದ್ರೂ ಮಂಗಳಾರತಿ ಎತ್ತಾರಾ ಮೇಡಂ?" ಎಂದು ನನ್ನನ್ನೇ ಕೇಳಿದ.

ಪರದೆಯ ಮೇಲೆ ಪ್ರೋಗ್ರಾಮು ತೆರೆದುಕೊಂಡಿತು. ಹಾಲು ಹಾಕುವವರ ನಂಬರನ್ನು ಒತ್ತಿ ಎಂದು ಕೇಳುತ್ತ ಒಂದು ಗೆರೆ ಮಿನುಗುತ್ತಿತ್ತು. ನಂಜುಂಡಪ್ಪ ಪರದೆಗೆ ಕುಂಕುಮ ಹಚ್ಚಿದ, ಹಾಲಿನ ಮಿಷನ್ನಿಗೆ ಸೇವಂತಿಗೆ ಮುಡಿಸಿದ. ಆ ಮೇಜಿನ ತುಂಬ ಮಿಷನ್ನು, ತೂಕದ ಯಂತ್ರ, ವೈರುಗಳು. ಸಮತಟ್ಟಾದ ಜಾಗ ಎಂದರೆ ಕೀಬೋರ್ಡ್ ಒಂದೇ. ಅದರ ಎಡಕ್ಕೆ ಎಲೆ ಅಡಿಕೆ ಬಾಳೆಹಣ್ಣು ಇಟ್ಟ. ಬಲಕ್ಕೆ, ಅಂಕಿಗಳ ಗುಂಡಿಗಳ ಮೇಲೆ, ಒಡೆದ ತೆಂಗಿನಕಾಯಿಯ ಹೋಳು ಇಟ್ಟ.

"ಕಾಯಿನ ಪಕ್ಕಕ್ಕೆ ಇಡಬಾರದಾ?"

"ಮಿಷನ್ನಿನ ಪೂಜೆ ಮೇಡಂ. ಕಾಯಿ ಮಿಷನ್ನಿನ ಮೇಲೇ ಇರ್ಬೇಕು. ಕೆಳಗೆ ಇಟ್ರೆ ಅದು ಮೇಜಿನ ಪೂಜೆ ಆಯ್ತದ."

ಹಿಂದೆ ನಿಂತವರು ಮಾದಪ್ಪನ ಪದ ಶುರು ಮಾಡಿದರು. ಶ್ರಾವಣವಾದ್ದರಿಂದ ಒಂದಕ್ಕೆ ಮುಗಿಯಲಿಲ್ಲ, ಎಳೆದೆಳೆದು ಹಾಡಿದರು. ಎಲ್ಲರೂ ಕಣ್ಣು ಮುಚ್ಚಿದ್ದರು. ದೇವರ ಮುಂದೆಯೂ ಕಣ್ಣು ಮುಚ್ಚುವ ಅಭ್ಯಾಸ ನನಗಿಲ್ಲ, ಪರದೆಯನ್ನೇ ನೋಡುತ್ತಿದ್ದೆ. ನಂಬರಿನ ಜಾಗದಲ್ಲಿ ನಾಲ್ಕು ಸೊನ್ನೆಗಳು ಬಂದು ಕೂತಿದ್ದವು. ಕಾಯಿಯ ದುಂಡು ತಳ ಸೊನ್ನೆಯ ಗುಂಡಿಯನ್ನು ಒತ್ತಿ ಹಿಡಿದಿತ್ತು. ಹಾಡು ಮುಗಿಯುವ ಹೊತ್ತಿಗೆ ಮಿನುಗುತ್ತಿದ್ದ ಗೆರೆ ನಿಂತಿತ್ತು. ನಂಜುಂಡಪ್ಪ ಕಾಯಿ ಎತ್ತಿ, ಗುಂಡಿ ಒತ್ತಿ ನೋಡಿದ. ಕಂಪ್ಯೂಟರ್ ಕಲ್ಲಾಗಿತ್ತು.

"ನೋಡಿ ಮೇಡಂ, ಹಿಂಗೇ!" ಎಂದು ಖುಷಿಯಿಂದಲೇ ತೋರಿಸಿದ. ಆಫ್ ಮಾಡಿ ಆನ್ ಮಾಡಿದ. ಸಣ್ಣಮ್ಮ ಹಾಲು ಹಾಕಿದಳು, ಡಿಗ್ರಿ ಸರಿಯಾಗಿ ಬಂತು. "ಸೊಸೆ ಹೋದ್ಮೇಲೆ ಹಾಲು ಹಾಲಾಯ್ತು" ಎಂದು ಹಿಂದಿನಿಂದ ಯಾರೋ ಅಂದರು. ಸಣ್ಣಮ್ಮ ಖಾಲಿ ಕ್ಯಾನು ಎತ್ತಿಕೊಂಡು ಪಕ್ಕಕ್ಕೆ ಸರಿದಳು.

ಮುಂದಿನವರು ಹಾಲು ಹಾಕಲು ಬಂದರು. ನಾನು ಕೈ ಅಡ್ಡ ಹಿಡಿದೆ. ನನ್ನ ಅನುಮಾನ ಮನುಷ್ಯರನ್ನು ಬಿಟ್ಟು ಕಾಯಿಯ ಮೇಲೆ ಬಂದು ಕೂತಿತ್ತು.

"ನಂಜುಂಡಪ್ಪನವರೇ, ಆಷಾಢದಲ್ಲೂ ಪೂಜೆ ಹೀಗೇ ಮಾಡ್ತಿದ್ರಾ?"

"ಆಷಾಢದಲ್ಲಿ ಏನ್ ಪೂಜೆ ಮೇಡಂ? ಹಾಡಿಲ್ಲ ಪಾಡಿಲ್ಲ. ಕಾಯಿ ಇಟ್ಟು, ಕರ್ಪೂರ ತೋರ್ಸಿ, ಎತ್ಬುಡೋದು."

"ಆಗ ಕಂಪ್ಯೂಟರ್ ನಿಲ್ತಿತ್ತಾ?"

"ಒಂದ್ ದಿನಾನೂ ನಿಂತಿಲ್ಲ. ಚಿನ್ನದಂಗೆ ನಡೀತಿತ್ತು."

ಕಂಪ್ಯೂಟರ್ ಚಿನ್ನದಂತೆ ನಡೆದ ಶುಕ್ರವಾರಗಳಲ್ಲಿ ಸಣ್ಣಮ್ಮನ ಹಾಲು ನೀರಾಗಿತ್ತು. ಕಂಪ್ಯೂಟರ್ ಸತ್ತು ಎದ್ದ ಶುಕ್ರವಾರಗಳಲ್ಲಿ ಹಾಲು ಹಾಲೇ ಆಗಿತ್ತು. ನಡುವೆ ಸೊಸೆ ಮನೆ ಬಿಟ್ಟು ಹೋದದ್ದು ಬರೀ ಪಂಚಾಂಗದ ಜೊತೆ ತಾಳೆಯಾಗಿತ್ತು.

"ಇನ್ನೊಂದು ಸಲ ಕಾಯಿ ಇಡ್ತೀನಿ" ಎಂದೆ.

"ಅಯ್ಯೋ, ಎತ್ತಿದ ಕಾಯಿನ ಮತ್ತೆ ಇಡಬಾರ್ದು ಮೇಡಂ!" ಎಂದು ನಂಜುಂಡಪ್ಪ ಬೆದರಿದ. ನಾನು ಕೇಳಲಿಲ್ಲ. ಹೋಳನ್ನು ಅದೇ ಜಾಗದಲ್ಲಿ ಇಟ್ಟೆ, ಕರ್ಪೂರ ತೋರಿಸುವಷ್ಟು ಹೊತ್ತು ಬಿಟ್ಟು ಎತ್ತಿದೆ. ಕಂಪ್ಯೂಟರ್ ನಿಲ್ಲಲಿಲ್ಲ. ನಂಜುಂಡಪ್ಪ ಸೊನ್ನೆಗಳನ್ನು ಅಳಿಸಿ ಸಣ್ಣಮ್ಮನ ನಂಬರ್ ಒತ್ತಿದ. ಈಗಷ್ಟೇ ಅವಳ ಕ್ಯಾನಿನಿಂದ ತೆಗೆದಿದ್ದ ಲೋಟದಲ್ಲಿ ಹಾಲು ಇನ್ನೂ ಉಳಿದಿತ್ತು. ಅದನ್ನೇ ಮಿಷನ್ನಿಗೆ ಹಿಡಿದೆ.

'ನೀರು ಬೆರೆತ ಹಾಲು.'

ಸಣ್ಣಮ್ಮ ಚೀರಿದಳು: "ಯಾರ್ ಬೆರೆಸ್ತಾರವ್ವ? ಲೋಟ ಇಲ್ಲೇ ಇತ್ತಲ್ಲ, ಎಲ್ರ ಕಣ್ಮುಂದೆ ಇತ್ತಲ್ಲ!"

"ಯಾರೋ ಲೋಟ ಬದ್ಲಾಯ್ಸವ್ರೆ" ಎಂದು ಒಂದು ಗಡಸು ದನಿ ಕೇಳಿತು. ಕರಿಬಸವಯ್ಯ, ಡೈರಿಯ ಕಮಿಟಿಯಲ್ಲಿರುವ ಹಿರಿಯ. ಸಣ್ಣಮ್ಮನ ಸೊಸೆಗೆ ಮೊದಲು ಬುದ್ಧಿ ಹೇಳಿ ಬಂದವನೂ ಅವನೇ ಎಂದು ಮೂಗಮ್ಮ ಆಗಲೇ ಹೇಳಿದ್ದಳು. ಅವನು ನನ್ನ ಚೀಲವನ್ನು ನೋಡುತ್ತಿದ್ದ, ಅದರೊಳಗೆ ನೀರಿನ ಬಾಟಲಿ ಇತ್ತಲ್ಲ. ನನಗೆ ಕೋಪ ಬಂತು. ಅದರ ಜೊತೆಗೆ, ಹೇಳಿಬಿಡುತ್ತೇನೆ, ಒಂದಿಷ್ಟು ಗೌರವವೂ ಬಂತು. ನಾನಾಗಿದ್ದರೂ ಅಲ್ಲಿಗೇ ನೋಡುತ್ತಿದ್ದೆ.

"ಹಾಗಾದ್ರೆ ನಿಮ್ಮ ಹಾಲು ಕೊಡಿ ಅಯ್ಯನವರೇ. ಲೋಟ ನೀವೇ ಹಿಡ್ಕೊಳ್ಳಿ, ನಾನು ಮುಟ್ಟಲ್ಲ."

ಅವನು ಲೋಟ ಹಿಡಿದ. ಅವನ ನಂಬರ್ ಒತ್ತಿದರು, ಡಿಗ್ರಿ ಚೆನ್ನಾಗಿ ಬಂತು. ಮತ್ತೆ ಕಾಯಿ ಇಟ್ಟೆ, ಎತ್ತಿದೆ. ಅದೇ ನಂಬರ್, ಅವನದೇ ಕೈ, ಅದೇ ಲೋಟ. ನೀರು ಬೆರೆತ ಹಾಲು.

ಜನ ಗೊಳ್ಳೆಂದು ನಕ್ಕರು. ಕರಿಬಸವಯ್ಯನ ಮುಖ ಕೆಂಪಾಯಿತು. "ನಾನು ನೀರ್ ಬೆರೆಸಿಲ್ಲ ಕಣ್ರಪ್ಪ! ದೇವರಾಣೆ, ನಾನು ಬೆರೆಸಿಲ್ಲ!"

ನಗು ತಾನಾಗೇ ನಿಂತಿತು. ಈ ಮಾತನ್ನು, ಈ ಆಣೆಯನ್ನು, ಆ ಊರಿನವರು ಸ್ವಲ್ಪ ದಿನದ ಹಿಂದೆ ಇನ್ನೊಬ್ಬಳ ಬಾಯಲ್ಲಿ ಕೇಳಿದ್ದರು. ಆಗ ಯಾರೂ ನಂಬಿರಲಿಲ್ಲ.

ಅಂಗಡಿಯ ಮುಂದಿನ ಒಂದು ರೂಪಾಯಿ ಫೋನಿನಿಂದ ರಘುನಾಥ ಸರ್‌ಗೆ ಮಾಡಿದೆ. ಜನ ಸುತ್ತ ನಿಂತಿದ್ದರು.

"ಸರ್, ಪ್ರೋಗ್ರಾಮ್‌ನಲ್ಲಿ ನಂಬರ್ ಇಡೋ ಜಾಗ ಎಷ್ಟು ಅಂಕಿಗೆ?"

"ನಾಲ್ಕು. ಯಾಕೆ?"

"ಅದರ ಪಕ್ಕದ ಜಾಗದಲ್ಲಿ ಏನಿದೆ?"

ಅತ್ತ ಕಡೆ ಕೀಬೋರ್ಡ್ ಕುಟ್ಟುವ ಸದ್ದು ಕೇಳಿತು. "ಡಿಗ್ರಿಗೆ ಸೇರಿಸೋ ಅಂಕಿ" ಎಂದರು ಮೆಲ್ಲಗೆ. ಹಾಲಿನ ಮಿಷನ್ನು ಯಾವುದೂ ಪಕ್ಕಾ ಇರುವುದಿಲ್ಲ. ನಮ್ಮದು ಡಿಗ್ರಿಯನ್ನು ಸ್ವಲ್ಪ ಕಡಿಮೆಯೇ ತೋರಿಸುತ್ತದೆ. ಕೂರಿಸುವಾಗಲೇ ಎಷ್ಟು ಕಡಿಮೆ ಎಂದು ನೋಡಿ, ಅಷ್ಟನ್ನು ಪ್ರತಿ ಸಲವೂ ಸೇರಿಸಿಕೊಳ್ಳಲು ಪ್ರೋಗ್ರಾಮಿಗೆ ಒಂದು ಅಂಕಿ ಕೊಟ್ಟಿರುತ್ತೇವೆ. ಆ ಸೇರಿಸುವ ಅಂಕಿ ನಂಬರಿನ ಪಕ್ಕದ ಜಾಗದಲ್ಲೇ ಇತ್ತು.

"ಒತ್ತಿದ್ದು ಅಂಕಿ ಹೌದೋ ಅಲ್ವೋ ಅಂತ ನೋಡ್ತೀನಿ ರಂಜಿನಿ. ಎಷ್ಟು ಅಂಕಿ ಅಂತ ನೋಡಿಲ್ಲ. ನಾಲ್ಕಂಕಿ ಕೇಳಿದ್ರೆ ಅದಕ್ಕಿಂತ ಜಾಸ್ತಿ ಯಾರು ಒತ್ತುತ್ತಾರೆ?"

"ತೆಂಗಿನಕಾಯಿ ಒತ್ತುತ್ತೆ ಸರ್."

ಕೇಳಿಸಿಕೊಂಡು ಅವರು ನಕ್ಕರು. ಆ ನಗುವನ್ನು ನನಗೆ ಸಹಿಸಲಾಗಲಿಲ್ಲ. "ಹಾಗಾದ್ರೆ ಆಯ್ತಲ್ಲ. ಕೀಬೋರ್ಡ್ ಮೇಲೆ ಕಾಯಿ ಇಡಬೇಡಿ ಅಂತ ಹೇಳು. ಆಪರೇಟರ್ ತಪ್ಪು ಅಂತ ಬರಿ" ಎಂದರು.

"ಬರೆಯಲ್ಲ ಸರ್. ಮುಂದೆ ಬರೋದು ಕಾಯಿನೋ ಮಗುವಿನ ಕೈಯೋ ಕಳ್ಳನ ಬೆರಳೋ, ಯಾರಿಗೆ ಗೊತ್ತು? ಕೊಟ್ಟಿದ್ದನ್ನೆಲ್ಲ ನುಂಗೋ ಹಾಗೆ ಬರೆದಿದ್ದು ನೀವು. ಆ ಸೊನ್ನೆ ಸ್ವಲ್ಪ ಹರಿದ್ರೆ ಪಕ್ಕದ ಅಂಕಿ ಹಾಳು. ಜಾಸ್ತಿ ಹರಿದ್ರೆ ಪ್ರೋಗ್ರಾಮೇ ಸಾಯುತ್ತೆ. ಇಲ್ಲಿ ಒಂದು ಹೆಣ್ಣುಮಗಳು ಮನೆ ಬಿಟ್ಟು ಹೋಗಿದಾಳೆ ಸರ್, ನಿಮ್ಮ ಪ್ರೋಗ್ರಾಮಿನಿಂದ."

ನಾನು ಅಷ್ಟು ಜೋರಾಗಿ ಮಾತಾಡಿದ್ದು ನನಗೇ ಆಶ್ಚರ್ಯ. ಅವರು ನಗು ನಿಲ್ಲಿಸಿದರು. "ಅಳತೆ ಮೀರಿದ್ದನ್ನ ಬೇಡ ಅನ್ನೋಕೆ ಎರಡು ಸಾಲು ಸೇರಿಸಿದ್ರೆ ಸಾಕು. ಸಂಜೆ ಮಾಡಿ ಕೊಡ್ತೀನಿ" ಎಂದು ಮೆತ್ತಗೆ ಹೇಳಿದರು. ಎರಡು ಸಾಲು! ಫೋನನ್ನು ಕುಕ್ಕಿ ಇಟ್ಟೆ.

ಡೈರಿಯ ಕಟ್ಟೆಯ ಮೇಲೆ ಕೂತು ಊರವರಿಗೆ ಹೇಳಿದೆ. "ಊಟದ ಪಂಕ್ತೀಲಿ ಎಲೆ ಒತ್ತೊತ್ತಾಗಿ ಹಾಕಿರ್ತಾರಲ್ಲ, ಕಂಪ್ಯೂಟರಿನ ನೆನಪೂ ಹಾಗೇ. ಬಡಿಸೋನು ಸಾಕು ಅನ್ನೋದು ಕೇಳಿಸಿಕೊಳ್ಳದೆ ಸಾರು ಸುರೀತಾ ಇದ್ರೆ?"

"ಪಕ್ಕದವನ ಪಾಯಸಕ್ಕೆ ಓಗಿ ಸೇರ್ತದೆ" ಎಂದಳು ಮೂಗಮ್ಮ.

"ಅಷ್ಟೇ ಆಗಿರೋದು. ಕಾಯಿ ಒತ್ತಿದ ಸೊನ್ನೆ ಪಕ್ಕದ ಎಲೆಗೆ ಹರಿದು, ಡಿಗ್ರಿ ಸೇರಿಸೋ ಅಂಕಿ ಸೊನ್ನೆ ಆಗಿದೆ. ಪೂಜೆ ಆದ ಮೇಲೆ ಮೊದಲು ಯಾರು ಹಾಕ್ತಾರೋ ಅವರ ಹಾಲು ನೀರು ಅಂತ ತೋರಿಸುತ್ತೆ. ಅವರದು ಮುಗಿದ ಮೇಲೆ ಪ್ರೋಗ್ರಾಮು ಆ ಅಂಕಿನ ಹೊಸದಾಗಿ ತಂದುಕೊಳ್ಳುತ್ತೆ. ಅದಕ್ಕೇ ಬೇರೆಯವರದು ಸರಿಯಾಗಿ ಬಂದಿದ್ದು. ಶ್ರಾವಣದಲ್ಲಿ ಉದ್ದ ಪೂಜೆ, ಕಂಪ್ಯೂಟರೇ ನಿಂತು ಮತ್ತೆ ಮೊದಲಿಂದ ಶುರುವಾಗ್ತಿತ್ತು. ಹಾಗಾಗಿ ಸಣ್ಣಮ್ಮನದೂ ಸರಿ ಬಂತು."

ನಂಜುಂಡಪ್ಪ ಕೆನ್ನೆ ಕೆನ್ನೆ ಬಡಿದುಕೊಂಡ. ಮೂಗಮ್ಮ ಆಗಲೇ ಈ ಸುದ್ದಿಯನ್ನು ಎಲ್ಲಿಗೆ ಮೊದಲು ಒಯ್ಯಬೇಕು ಎಂದು ನೋಡುತ್ತಿದ್ದಳು. ಸಣ್ಣಮ್ಮ ಮಾತ್ರ ಖಾಲಿ ಕ್ಯಾನನ್ನು ಮಡಿಲಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಮಾನ ಅವಳಿಗೆ ವಾಪಸ್ ಸಿಕ್ಕಿತ್ತು, ಆದರೆ ಮುಖದಲ್ಲಿ ಅದರ ಗುರುತೂ ಇರಲಿಲ್ಲ.

ಎಲ್ಲರೂ ಹೋದ ಮೇಲೆ ನನ್ನ ಕೈ ಹಿಡಿದುಕೊಂಡಳು. "ನನ್ ಜೊತೆ ಬೇಗೂರಿಗೆ ಬತ್ತೀಯಾ ಮಗ? ನೀನ್ ಯೋಳಿದ್ರೆ ಅವಳು ನಂಬ್ತಾಳೆ. ನಾನ್ ಯೋಳಿದ್ರೆ ಯಾಕ್ ನಂಬ್ಬೇಕು?"

ನನಗೆ ಆಫೀಸಿಗೆ ವಾಪಸ್ ಹೋಗಬೇಕಿತ್ತು. ಹೋಗಲಿಲ್ಲ.

ಗುಂಡ್ಲುಪೇಟೆಯಲ್ಲಿ ಇಳಿದು ಮೈಸೂರಿನ ಬಸ್ಸು ಹಿಡಿದೆವು. ಮುಂದೆ ಕೇರಳದ ಲಾರಿಗಳ ಸಾಲು, ಬಸ್ಸು ತೆವಳಿಕೊಂಡು ಹೋಗುತ್ತಿತ್ತು. ಸಣ್ಣಮ್ಮ ಕಿಟಕಿಯ ಕಡೆ ಮುಖ ಮಾಡಿ ಏನೋ ಗೊಣಗುತ್ತಿದ್ದಳು. ಕಿವಿಗೊಟ್ಟರೆ, ಸೊಸೆಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದಾಳೆ. "ನನ್ ಮನಸ್ಸಲ್ಲಿ ಯಾವತ್ತೂ ನಿನ್ ಮೇಲೆ ಅನುಮಾನ ಇರ್ನಿಲ್ಲ ಕಣಮ್ಮಿ. ಊರೋರ ಬಾಯಿಗೆ ಹೆದರಿ ಅಂದ್ಬುಟ್ಟೆ."

ಸುಳ್ಳು. ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಅವಳು ಅದನ್ನು ಚೆನ್ನಾಗಿ ಹೇಳಲಿ ಎಂದೇ ನಾನು ಬಯಸಿದೆ. ಒಂದು ಸುಳ್ಳಿಗೆ ಮನೆ ಉಳಿಯುವುದಾದರೆ ಉಳಿಯಲಿ ಎನಿಸಿತು.

ಶಶಿರೇಖಾಳ ತವರು ಹೆದ್ದಾರಿಯ ಅಂಗಡಿಗಳ ಹಿಂದಿನ ಬೀದಿಯಲ್ಲಿತ್ತು. ಅವಳು ಜಗಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ತೆಳ್ಳಗಿನ ಹುಡುಗಿ, ನನಗಿಂತ ಚಿಕ್ಕವಳು. ಅತ್ತೆಯನ್ನು ಕಂಡು ಎದ್ದು ನಿಂತಳು, ಆದರೆ ಬನ್ನಿ ಎನ್ನಲಿಲ್ಲ. ಒಳಗಿಂದ ಅವಳ ತಾಯಿ ಯಶೋದಮ್ಮ ಬಂದಳು.

"ಏನು, ಶ್ರಾವಣ ಮುಗಿಯಗಂಟ ತಡೀನಿಲ್ವಾ? ಪಾತ್ರೆ ಪಗಡ ಎಷ್ಟು ಕೊಡಬೇಕು ಅಂತ ನೋಡಕ್ಕೆ ಬಂದ್ರಾ?" ನನ್ನ ಕಡೆ ತಿರುಗಿ, "ಇವಳ್ಯಾರು, ಸಾಕ್ಷಿಗಾ?"

ಸಣ್ಣಮ್ಮ ತಲೆ ತಗ್ಗಿಸಿದಳು. ನಾನೇ ಶುರು ಮಾಡಿದೆ. ನಾನು ಯಾರು, ಯಾಕೆ ಬಂದೆ, ಕಾಯಿ, ಸೊನ್ನೆ, ಪಂಕ್ತಿಯ ಎಲೆ, ಕರಿಬಸವಯ್ಯನ ಲೋಟ, ಎಲ್ಲವನ್ನೂ ಹೇಳಿದೆ. ಕರಿಬಸವಯ್ಯ ದೇವರಾಣೆ ಹಾಕಿದ್ದಕ್ಕೆ ಯಶೋದಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಶಶಿರೇಖಾ ನಗಲಿಲ್ಲ. ಪೂರ್ತಿ ಕೇಳಿ, "ಏನ್ ಒತ್ತಿದ್ರೂ ಅದು ಒಳಕ್ಕೆ ಬುಟ್ಕತದಾ ಅಕ್ಕ? ಇದು ಯಾಕೆ, ಇಷ್ಟು ಯಾಕೆ ಅಂತ ಕೇಳೋದೇ ಇಲ್ವಾ?" ಎಂದಳು.

"ಕೇಳ್ತಿರಲಿಲ್ಲ. ನಾಳೆಯಿಂದ ಕೇಳುತ್ತೆ."

"ನಮ್ಮತ್ತೆನೂ ಹಂಗೇ ಮಾಡಿದ್ರು" ಎಂದಳು. ದನಿ ಎತ್ತಲಿಲ್ಲ. "ಮಿಷನ್ನು ಯೋಳಿದ್ದಕ್ಕೆ ಒಂದ್ ಮಾತು ಎದುರು ಕೇಳ್ನಿಲ್ಲ. ನಾನ್ ಯೋಳಿದ್ದಕ್ಕೆ ಮಾತ್ರ ದೀಪ ಮುಟ್ಟು ಅಂದ್ರು, ಮುಟ್ಟಿದ್ಮೇಲೂ ನಂಬ್ನಿಲ್ಲ."

ಅವಳು ಸಣ್ಣಮ್ಮನ ಎದುರಿಗೆ ಬಂದು ನಿಂತಳು. "ಅತ್ತೆ, ಒಂದು ಕೇಳ್ತೀನಿ. ಈ ಅಕ್ಕ ನಿಮ್ಮೂರಿಗೆ ಬರ್ದೇ ಇದ್ದಿದ್ರೆ, ಮಿಷನ್ನು ಸರಿಯಾಗೇ ಅದೆ ಅಂತ ಎಲ್ರೂ ಅಂದ್ಕಂಡೇ ಇದ್ದಿದ್ರೆ, ನೀವು ನನ್ನ ಕರಿಯಕ್ಕೆ ಬತ್ತಿದ್ರಾ?"

ಬಸ್ಸಿನಲ್ಲಿ ಪಾಠ ಮಾಡಿದ ಮಾತಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿರಲಿಲ್ಲ. ಹೇಳು ಸಣ್ಣಮ್ಮ, ಯಾವತ್ತೂ ಅನುಮಾನ ಇರಲಿಲ್ಲ ಅಂತ ಹೇಳಿಬಿಡು ಎಂದು ಮನಸ್ಸಿನಲ್ಲೇ ಗೋಗರೆದೆ. ಸಣ್ಣಮ್ಮ ಸೊಸೆಯ ಮುಖವನ್ನು ನೋಡಿದಳು.

"ಇಲ್ಲ ಕಣಮ್ಮಿ" ಎಂದಳು. "ಬತ್ತಿರ್ನಿಲ್ಲ. ನೀನೇ ಬೆರೆಸಿದ್ದೀಯ ಅಂತ ಸಾಯೋಗಂಟ ಅಂದ್ಕಂಡಿರ್ತಿದ್ದೆ."

"ಕೇಳಿಸ್ಕಂಡ್ಯಾ?" ಎಂದು ಯಶೋದಮ್ಮ ಮಗಳ ಕಡೆ ತಿರುಗಿದಳು. ಶಶಿರೇಖಾ ಒಳಗೆ ಹೋದಳು. ಮುಗಿಯಿತು ಎಂದುಕೊಂಡೆ. ಚಪ್ಪಲಿ ಮೆಟ್ಟಿಕೊಂಡು ಸಣ್ಣಮ್ಮನ ಭುಜ ಮುಟ್ಟಿದೆ, ಅವಳು ನಿಂತಲ್ಲಿಂದ ಅಲ್ಲಾಡಲಿಲ್ಲ. ನನಗೆ ಅವಳ ಮೇಲೆ ಕೋಪವೂ ಬಂತು, ಅಳುವೂ ಬಂತು.

ಶಶಿರೇಖಾ ಬಟ್ಟೆಯ ಬ್ಯಾಗು ಹಿಡಿದು ಹೊರಗೆ ಬಂದಳು. ಯಶೋದಮ್ಮ ಬಾಗಿಲಿಗೆ ಅಡ್ಡ ನಿಂತು, "ಇಷ್ಟು ಅನ್ನಿಸ್ಕಂಡ್ಮೇಲೂ ಓಯ್ತೀಯಾ?" ಎಂದಳು.

"ಬತ್ತಿದ್ದೆ ಅಂತ ಸುಳ್ಳು ಯೋಳಿದ್ರೆ ಓಯ್ತಿರ್ನಿಲ್ಲ ಅವ್ವ" ಎಂದಳು ಶಶಿರೇಖಾ.

ಸಣ್ಣಮ್ಮ ಈಗ ಅತ್ತಳು. ಅಳುತ್ತಲೇ ಬ್ಯಾಗಿಗೆ ಕೈ ಚಾಚಿದಳು. ಶಶಿರೇಖಾ ಬ್ಯಾಗನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

"ನಾನೇ ಎತ್ಕತೀನಿ ಅತ್ತೆ. ನೀವು ನಡೀರಿ."

ಸಣ್ಣಮ್ಮ ಕಣ್ಣೊರೆಸಿಕೊಂಡು ಬಸ್‌ ಸ್ಟ್ಯಾಂಡಿನ ಕಡೆ ಮುಂದೆ ನಡೆದಳು.